ಮಲ್ಲಿಗೆ, ಸುಗಂಧರಾಜದ ಅಬ್ಸೊಲ್ಯೂಟ್: ಅಸಲಿಯಾ, ಒಳ್ಳೆಯದಾ? ಪ್ರಶ್ನೋತ್ತರ

ಪ್ರಶ್ನೆ (ಮನೆಯಲ್ಲೇ ಪರ್ಫ್ಯೂಮ್ ಮಾಡುವ ಸದಸ್ಯೆ, ಬೆಂಗಳೂರು):
ನಮಸ್ಕಾರ ಮೇಡಂ. ಇಷ್ಟು ದಿನ ಸಿಂಥೆಟಿಕ್ ಸಾಮಾನಿನಲ್ಲೇ ಪರ್ಫ್ಯೂಮ್ ಮಾಡಿ ಕಲಿತೆ. ಈಗ ಅಸಲಿ ಜಾಜಿ ಅಬ್ಸೊಲ್ಯೂಟ್ (ಹೂವಿನಿಂದ ತೆಗೆದ ಗಾಢ ಸಾರ) ಕೊಳ್ಳಬೇಕು ಅಂತ ಎರಡು ಕಡೆಯಿಂದ ಸ್ಯಾಂಪಲ್ ತರಿಸಿದ್ದೇನೆ. ಒಂದು ತಿಳಿ ಹಳದಿ, ಸಿಹಿ ವಾಸನೆ, ಮೂಸಿದ ತಕ್ಷಣ ಹೂವೇ ನೆನಪಾಗುತ್ತದೆ. ಬೆಲೆ 10 ಮಿಲಿಗೆ 650 ರೂಪಾಯಿ. ಇನ್ನೊಂದು ಕಡು ಕಂದು, ಅದರ ನಾಲ್ಕು ಪಟ್ಟು ಬೆಲೆ. ಮುಚ್ಚಳ ತೆಗೆದರೆ ನುಸಿಗುಳಿಗೆ ವಾಸನೆ! ಬಿಳಿ ಕಾಗದದ ಮೇಲೆ ಹನಿ ಹಾಕಿದರೆ ಎರಡೂ ಕಲೆ ಬಿಟ್ಟವು. ಹಾಗಾದರೆ ಎರಡೂ ಕಲಬೆರಕೆಯಾ? ನಮ್ಮಂಥವರು ಲ್ಯಾಬ್ ಇಲ್ಲದೆ ಹೇಗೆ ನೋಡಬೇಕು?

ಉತ್ತರ (ಸುಗಂಧ ಕಚ್ಚಾ ಸಾಮಾನಿನ ಗುಣಮಟ್ಟ ನೋಡುವ ಕೆಲಸದಲ್ಲಿರುವವರು):
ಕಾಗದದ ಪರೀಕ್ಷೆಯನ್ನು ಮೊದಲು ಬಿಟ್ಟುಬಿಡಿ. ಅದು ನಿಂಬೆ, ನೀಲಗಿರಿ ಥರದ ಬೇಗ ಆರುವ ಎಣ್ಣೆಗಳಿಗೆ ಅಷ್ಟಿಷ್ಟು ಸರಿ. ಅಬ್ಸೊಲ್ಯೂಟ್ ಅಂದರೆ ಬಟ್ಟಿ ಇಳಿಸಿದ ಎಣ್ಣೆ ಅಲ್ಲ. ಹೂವನ್ನು ಹೆಕ್ಸೇನ್‌ನಲ್ಲಿ ತೊಳೆದು ದ್ರಾವಕ ಹಾರಿಸಿದರೆ ಮೇಣದಂಥ ಕಾಂಕ್ರೀಟ್ ಸಿಗುತ್ತದೆ. ಅದನ್ನು ಆಲ್ಕೋಹಾಲ್‌ನಲ್ಲಿ ಕದಡಿ, ಚೆನ್ನಾಗಿ ತಣ್ಣಗಾಗಿಸಿ, ಗಟ್ಟಿಯಾದ ಮೇಣ ಸೋಸಿ, ಆಲ್ಕೋಹಾಲ್ ಹಾರಿಸಿದರೆ ಉಳಿಯುವುದು ಅಬ್ಸೊಲ್ಯೂಟ್. ಎಷ್ಟು ಸೋಸಿದರೂ ಹೂವಿನ ಬಣ್ಣ, ಜಿಡ್ಡು, ಸ್ವಲ್ಪ ಮೇಣ ಅದರಲ್ಲಿ ಇದ್ದೇ ಇರುತ್ತದೆ. ಆದ್ದರಿಂದ ಕಲೆ ಬಿಡಲೇಬೇಕು.

ಇನ್ನು ಬೆಲೆ. ಮೂಗಿಗಿಂತ ಮೊದಲು ಹೂವಿನ ಲೆಕ್ಕ ಹಾಕಿ. ಸಾವಿರ ಕೆಜಿ ಜಾಜಿಗೆ ಎರಡೂವರೆಯಿಂದ ಮೂರು ಕೆಜಿ ಕಾಂಕ್ರೀಟ್ ಬರುತ್ತದೆ. ಅದರಲ್ಲಿ ಅರ್ಧದಷ್ಟು ಮಾತ್ರ ಅಬ್ಸೊಲ್ಯೂಟ್. ಅಂದರೆ ಒಂದು ಕೆಜಿಗೆ ಸುಮಾರು 700 ಕೆಜಿ ಹೂವು ಬೇಕು. ಹೂವಿನ ದರ ಕೆಜಿಗೆ 250 ರೂಪಾಯಿ ಅಂತ ಇಟ್ಟುಕೊಳ್ಳೋಣ. ಬರೀ ಹೂವಿಗೇ 1,75,000 ರೂಪಾಯಿ ಆಯಿತು. 10 ಗ್ರಾಂಗೆ 1,750. ಇದರ ಮೇಲೆ ದ್ರಾವಕ, ಕೂಲಿ, ಕರೆಂಟು, ಮಾರುವವರ ಲಾಭ. ನಿಮಗೆ 650ಕ್ಕೆ ಹೇಗೆ ಕೊಟ್ಟರು? ಆ ಬಾಟಲಿಯಲ್ಲಿ ಜಾಜಿ ಇದ್ದರೂ ಸ್ವಲ್ಪವೇ ಇದ್ದೀತು.

ಆದರೆ ಜಾಸ್ತಿ ಬೆಲೆ ಇದೆ ಅಂತ ಎರಡನೆಯದನ್ನು ಈಗಲೇ ಕೊಳ್ಳಬೇಡಿ. ಇಲ್ಲಿ ಎರಡು ಪ್ರಶ್ನೆ ಬೇರೆ ಬೇರೆ ಇವೆ: ಅಸಲಿಯಾ? ಒಳ್ಳೆಯದಾ? ಒಂದು ಹನಿಯೂ ಬೆರಕೆ ಇಲ್ಲದ ಅಬ್ಸೊಲ್ಯೂಟ್ ಕೆಟ್ಟದ್ದಾಗಿರಬಹುದು. ಬಾಡಿದ ಹೂವು, ಉಳಿದುಹೋದ ಹೆಕ್ಸೇನ್, ವರ್ಷಗಟ್ಟಲೆ ಅರ್ಧ ಖಾಲಿ ಡಬ್ಬಿಯಲ್ಲಿ ಕೂತದ್ದು, ಇವೆಲ್ಲ ಅಸಲಿಯೇ. ತುಂಬಾ ಜನ ‘ಅಸಲಿ’ ಅಂತ ಗೊತ್ತಾದ ಕೂಡಲೇ ಪರೀಕ್ಷೆ ನಿಲ್ಲಿಸಿಬಿಡುತ್ತಾರೆ. ನನ್ನ ಕೆಲಸದಲ್ಲಿ ವಾಪಸ್ ಕಳಿಸುವ ಲಾಟ್‌ಗಳಲ್ಲಿ ಅಸಲಿಯಾಗಿದ್ದೂ ಚೆನ್ನಾಗಿಲ್ಲದವೇ ಹೆಚ್ಚು.

ನುಸಿಗುಳಿಗೆ ವಾಸನೆಗೆ ಹೆದರಬೇಡಿ. ಅದು ಇಂಡೋಲ್. ಜಾಜಿಯಲ್ಲೂ ದುಂಡು ಮಲ್ಲಿಗೆಯಲ್ಲೂ ಸಹಜವಾಗಿ ಇರುತ್ತದೆ. ಹೂವಿನಿಂದ ಗಾಳಿಗೆ ಬರುವುದು ತುಂಬಾ ತೆಳುವಾಗಿ, ಬಾಟಲಿಯಲ್ಲಿ ಎಲ್ಲ ಒಟ್ಟಿಗೆ ಸೇರಿರುತ್ತದೆ. ಅದಕ್ಕೇ ಬಾಟಲಿಯ ಬಾಯಿಗೆ ಮೂಗಿಟ್ಟು ಯಾವತ್ತೂ ತೀರ್ಪು ಕೊಡಬಾರದು.

ಅದೇ ಸದಸ್ಯೆ:
ಹಾಗಾದರೆ ಮೂಸುವ ಸರಿಯಾದ ಕ್ರಮ ಯಾವುದು ಮೇಡಂ?

ಉತ್ತರ:
ಒಂದು ಗ್ರಾಂ ಅಬ್ಸೊಲ್ಯೂಟ್, ಒಂಬತ್ತು ಗ್ರಾಂ ಪರ್ಫ್ಯೂಮ್ ಆಲ್ಕೋಹಾಲ್. ಹನಿ ಎಣಿಸಬೇಡಿ, ತಕ್ಕಡಿಯಲ್ಲಿ ತೂಗಿ. ಗಟ್ಟಿಯಾಗಿದ್ದರೆ ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು, ಕರಗಿದ ಮೇಲೆ ಅಲ್ಲಾಡಿಸಿ ಆಮೇಲೆ ತೆಗೆಯಿರಿ. ಇಲ್ಲದಿದ್ದರೆ ಮೇಲಿನ ಪದರವೇ ಬೇರೆ, ತಳದ್ದೇ ಬೇರೆ ಬರುತ್ತದೆ. ಎರಡು ಸ್ಯಾಂಪಲ್‌ಗೂ ಒಂದೇ ದಿನ, ಒಂದೇ ಅಳತೆ ಇರಲಿ. ಒಂದು ದಿನ ಹಾಗೇ ಬಿಡಿ.

ಮರುದಿನ ಬೆಳಿಗ್ಗೆ, ಕಾಫಿ ಒಗ್ಗರಣೆ ಎಲ್ಲ ಶುರುವಾಗುವ ಮೊದಲು, ಬ್ಲಾಟರ್ ಪಟ್ಟಿಯನ್ನು (ಮೂಸಿ ನೋಡಲು ಬಳಸುವ ಹೀರುಕಾಗದದ ಪಟ್ಟಿ) ಅದ್ದಿ. ಎರಡೂ ಪಟ್ಟಿ ಒಂದೇ ಆಳಕ್ಕೆ ಅದ್ದಬೇಕು. ಹೆಸರು, ಸಮಯ ಬರೆಯಿರಿ. ಆಲ್ಕೋಹಾಲ್ ಹಾರಲು ಒಂದು ನಿಮಿಷ ಬಿಟ್ಟು ಮೊದಲ ಸಲ ಮೂಸಿ. ಆಮೇಲೆ ಹತ್ತು ನಿಮಿಷಕ್ಕೆ, ಒಂದು ಗಂಟೆಗೆ, ಸಂಜೆಗೆ, ಮರುದಿನಕ್ಕೆ. ಪ್ರತಿ ಸಲ ಎರಡು ಮೂರು ಉಸಿರು ಸಾಕು. ಸುಮ್ನೆ ಮೂಸುತ್ತಾ ಕೂತರೆ ಮೂಗು ಸೋಲುತ್ತದೆ.

ಏನು ಗಮನಿಸಬೇಕು? ಜಾಜಿಯ ಮೊದಲ ಸಿಹಿ ಬಹುಪಾಲು ಬೆಂಜೈಲ್ ಅಸಿಟೇಟ್‌ನಿಂದ ಬರುತ್ತದೆ. ಹಣ್ಣಿನಂಥ, ನೇಲ್ ಪಾಲಿಶ್‌ಗೆ ಹತ್ತಿರದ ವಾಸನೆ. ಅಸಲಿಯಲ್ಲಿ ಅದು ಸುಮಾರು ಐದನೇ ಒಂದು ಭಾಗ. ಇದು ಪೇಟೆಯಲ್ಲಿ ತುಂಬಾ ಅಗ್ಗಕ್ಕೆ ಸಿಗುತ್ತದೆ. ಬೆರಸುವವರು ಮೊದಲು ಸುರಿಯುವುದೇ ಇದನ್ನು. ಆದರೆ ಅದು ಬೇಗ ಹಾರಿಹೋಗುತ್ತದೆ. ಒಂದು ಗಂಟೆಯಲ್ಲಿ ಸಿಹಿ ಹೋಗಿ ಪಟ್ಟಿ ಖಾಲಿ ಅನಿಸಿದರೆ, ಅದರ ಕೆಳಗೆ ಹೂವು ಇರಲಿಲ್ಲ ಅಂತ ಅರ್ಥ. ಅಸಲಿಯಲ್ಲಿ ಸಿಹಿ ತಗ್ಗಿದ ಮೇಲೆ ಚಹಾ ಎಲೆ, ಜೇನು, ಒಣಹಣ್ಣು, ಸ್ವಲ್ಪ ಮೈಬೆವರಿನಂಥ ಬೆಚ್ಚಗಿನ ವಾಸನೆ ಒಂದೊಂದಾಗಿ ಬರುತ್ತವೆ. ಒಂದರಿಂದ ಇನ್ನೊಂದಕ್ಕೆ ಮೆಲ್ಲಗೆ ಹೊರಳಬೇಕು. ನಡುವೆ ಧಪ್ಪನೆ ಬಿದ್ದಂತೆ ಆಗಬಾರದು. ಮರುದಿನ ಪಟ್ಟಿಯಲ್ಲಿ ಉಳಿಯುವ ವಾಸನೆಯೇ ನನಗೆ ಎಲ್ಲಕ್ಕಿಂತ ಮುಖ್ಯ. ಆ ಭಾಗವನ್ನು ನಕಲು ಮಾಡುವುದು ಕಷ್ಟ, ಖರ್ಚೂ ಜಾಸ್ತಿ.

ಇನ್ನೊಂದು ಮಾತು. ಪಕ್ಕದಲ್ಲಿ ಗೊತ್ತಿರುವ ಒಂದು ಒಳ್ಳೆ ಸ್ಯಾಂಪಲ್ ಇಲ್ಲದೆ ಒಂಟಿ ಪಟ್ಟಿ ಮೂಸಿದರೆ ಎಷ್ಟೇ ಅನುಭವ ಇದ್ದರೂ ತಪ್ಪು ಆಗುತ್ತದೆ. ನಾವು ಪ್ರತಿ ಸಲ ಹಿಂದಿನ ಒಪ್ಪಿದ ಲಾಟ್ ಜೊತೆಗೇ ಇಟ್ಟು ನೋಡುತ್ತೇವೆ. ನೀವೂ ನಂಬಿಕೆಯ ಕಡೆಯಿಂದ ಎರಡು ಗ್ರಾಂ ತಂದು, ತುಂಬಿದ ಸಣ್ಣ ಬಾಟಲಿಯಲ್ಲಿ ಫ್ರಿಜ್‌ನಲ್ಲಿ ಇಡಿ. ಹೋಲಿಸುವಾಗ ಒಂದೇ ಜಾತಿ, ಒಂದೇ ಊರು ಇರಲಿ. ಈಜಿಪ್ಟ್‌ನ ನೈಲ್ ಬಯಲಿನ ಜಾಜಿ ಬೇರೆ, ಕೊಯಮತ್ತೂರು ಕಡೆಯ ಜಾಜಿ ಬೇರೆ. ದುಂಡು ಮಲ್ಲಿಗೆ ಅಂತೂ ಪೂರ್ತಿ ಬೇರೆ. ಅದರಲ್ಲಿ ಹಸಿ ಎಲೆಯಂಥ ವಾಸನೆ ಜಾಸ್ತಿ, ಕಿತ್ತಳೆ ಹೂವಿನ ಛಾಯೆಯೂ ಇರುತ್ತದೆ. ಜಾಜಿ ಅಲ್ಲ ಅಂತ ಅದನ್ನು ಕೆಟ್ಟದ್ದು ಅನ್ನಬಾರದು.

ಪ್ರಶ್ನೆ (ಸುಗಂಧರಾಜ ಬೆಳೆಯುವ ಸದಸ್ಯರು, ಚಾಮರಾಜನಗರ ಕಡೆಯವರು):
ಮೇಡಂ, ನಾವು ಫ್ಯಾಕ್ಟರಿಗೆ ಹೂವು ಕೊಡುತ್ತೇವೆ. ಸ್ವಲ್ಪ ತಡವಾದರೆ ದರ ಇಳಿಸುತ್ತಾರೆ, ಕೆಲವು ಸಲ ಬೇಡ ಅಂತಾರೆ. ಹೂವು ನೋಡೋಕೆ ಚೆನ್ನಾಗೇ ಇರುತ್ತೆ. ಇದು ದರ ಇಳಿಸೋಕೆ ನೆಪ ಅಲ್ವಾ?

ಉತ್ತರ:
ಅಣ್ಣಾ, ನೆಪ ಮಾಡುವವರು ಇರಬಹುದು. ಆದರೆ ಕಾರಣ ನಿಜ. ಸುಗಂಧರಾಜ, ಜಾಜಿ ಎರಡೂ ಕಿತ್ತ ಮೇಲೂ ಪರಿಮಳ ಮಾಡುತ್ತಲೇ ಇರುತ್ತವೆ, ಬಿಡುತ್ತಲೂ ಇರುತ್ತವೆ. ಬಿಸಿಲು ಏರಿದಂತೆ ಬೇಗ ಹಾರುವ ಭಾಗ ಮೊದಲು ಹೋಗುತ್ತದೆ. ಅದಕ್ಕೇ ಜಾಜಿಯನ್ನು ಬೆಳಕು ಹರಿಯುವ ಮೊದಲೇ ಕೀಳಲು ಶುರು ಮಾಡುತ್ತಾರೆ. ಇನ್ನೊಂದು ದೊಡ್ಡ ಕಷ್ಟ ಚೀಲ. ಪ್ಲಾಸ್ಟಿಕ್ ಚೀಲದಲ್ಲಿ ಒತ್ತಿ ತುಂಬಿದರೆ ಹೂವು ಉಸಿರಾಡಿ ಒಳಗೇ ಬಿಸಿ ಆಗುತ್ತದೆ. ಮೇಲಿನ ಹೂವು ಬಿಳಿ ಇದ್ದರೂ ನಡುವೆ ಕೈ ಹಾಕಿದರೆ ಬೆಚ್ಚಗಿರುತ್ತದೆ. ಅಲ್ಲಿ ಹುಳಿ ಹಿಡಿಯುವುದು ಶುರು ಆಗಿರುತ್ತದೆ. ಆ ವಾಸನೆ ಅಬ್ಸೊಲ್ಯೂಟ್‌ವರೆಗೂ ಬರುತ್ತದೆ, ಆಮೇಲೆ ಯಾರೂ ತೆಗೆಯಲಾಗದು.

ಸುಗಂಧರಾಜದಲ್ಲಿ ಇದು ಇನ್ನೂ ದುಬಾರಿ. ಸಾವಿರ ಕೆಜಿಗೆ ಸುಮಾರು ಒಂದು ಕೆಜಿ ಕಾಂಕ್ರೀಟ್. ಅದರಲ್ಲಿ ಐದನೇ ಒಂದು ಭಾಗದಷ್ಟೇ ಅಬ್ಸೊಲ್ಯೂಟ್, ಉಳಿದದ್ದು ಬಹುಪಾಲು ಮೇಣ. ಲೆಕ್ಕ ಹಾಕಿ, ಒಂದು ಕೆಜಿಗೆ ನಾಲ್ಕೈದು ಟನ್ ಹೂವು. ಅಷ್ಟರಲ್ಲಿ ಕೆಲವು ಚೀಲ ಬಿಸಿಯಾಗಿದ್ದರೂ ಇಡೀ ಲಾಟ್‌ಗೆ ಹುಳಿ ಬರುತ್ತದೆ.

ಬೆತ್ತದ ಅಥವಾ ಬಿದಿರಿನ ಬುಟ್ಟಿ, ತೆಳು ಪದರ, ನೆರಳು, ಹತ್ತಿರದ ಸಾಗಾಟ. ಇಷ್ಟು ಸಾಕು. ತಳಿ ಕೂಡ ಮುಖ್ಯ. ಎಣ್ಣೆಗೆ ಒಂಟಿ ಎಸಳಿನವೇ ಬೇಕು. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಿಟ್ಟ ಶೃಂಗಾರ್, ಪ್ರಜ್ವಲ್ ಈ ಜಾತಿಯವು. ಸುವಾಸಿನಿ ಜೋಡಿ ಎಸಳಿನದು, ವೈಭವ್ ಅರೆ ಜೋಡಿ, ಇವು ಬೊಕೆಗೆ ಚೆಂದ.

ಫ್ಯಾಕ್ಟರಿಯವರು ಬೇಡ ಅಂದಾಗ ಚೀಲದ ನಡುವಿನ ಹೂವನ್ನು ಅವರ ಎದುರೇ ತೆಗೆದು ಮೂಸಿ. ಹುಳಿ ಇಲ್ಲ, ಬಿಸಿ ಇಲ್ಲ ಅಂದರೆ ದರ ಇಳಿಸಲು ಕಾರಣ ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ (ಕೆಮಿಸ್ಟ್ರಿ ಎಂಎಸ್ಸಿ ವಿದ್ಯಾರ್ಥಿ):
ಜಿಸಿ-ಎಂಎಸ್ (ಒಳಗಿನ ಒಂದೊಂದು ರಾಸಾಯನಿಕವನ್ನೂ ಬೇರ್ಪಡಿಸಿ ಗುರುತಿಸುವ ಲ್ಯಾಬ್ ಪರೀಕ್ಷೆ) ರಿಪೋರ್ಟ್ ತೋರಿಸಿದರೆ ಮುಗಿಯಿತಲ್ವಾ ಮೇಡಂ? ಮೂಗು ಯಾಕೆ ಬೇಕು?

ಉತ್ತರ:
ಬೆರಕೆ ಹಿಡಿಯಲು ಜಿಸಿ ಬೇಕೇ ಬೇಕು. ಚೆನ್ನಾಗಿದೆಯಾ ಅಂತ ಹೇಳಲು ಅದೊಂದೇ ಸಾಲದು.

ಕೆಲವು ಹೆಸರು ರಿಪೋರ್ಟ್‌ನಲ್ಲಿ ಕಂಡರೆ ಮಾತೇ ಬೇಡ. ಡಿಇಪಿ, ಡಿಪಿಜಿ ಎಂಬ ಅಗ್ಗದ ದ್ರಾವಕಗಳು ಹೂವಿನಲ್ಲಿ ಇರುವುದಿಲ್ಲ, ತೂಕ ಏರಿಸಲು ಹಾಕಿದ್ದು. ಜಾಜಿಯಲ್ಲಿ ಹೆಕ್ಸಿಲ್ ಸಿನಾಮಾಲ್ಡಿಹೈಡ್ ಕಂಡರೂ ಅಷ್ಟೇ. ಹೆಡಿಯೋನ್ ಎಂಬ ಮಲ್ಲಿಗೆಯಂಥ ಸುಗಂಧ ರಾಸಾಯನಿಕದ ದೊಡ್ಡ ಪೀಕ್ (ರಿಪೋರ್ಟ್ ಗೆರೆಯ ಏರು) ಇದ್ದರೆ ಹೊರಗಿಂದ ಹಾಕಿದ್ದು. ಈ ಹೆಡಿಯೋನ್‌ನ ಸುಳಿವು ಸಿಕ್ಕಿದ್ದೇ ಜಾಜಿ ಅಬ್ಸೊಲ್ಯೂಟ್ ಅಧ್ಯಯನದಲ್ಲಿ. 1966ರ ಓ ಸೋವಾಜ್ ಪರ್ಫ್ಯೂಮ್‌ನಿಂದ ಅದು ಪ್ರಸಿದ್ಧಿಗೆ ಬಂತು. ತುಂಬಾ ಒಳ್ಳೆ ಸಾಮಾನು, ನಾನೂ ಇಷ್ಟಪಡುತ್ತೇನೆ. ಆದರೆ ಅದನ್ನು ಅಬ್ಸೊಲ್ಯೂಟ್ ದರಕ್ಕೆ ಮಾರಬಾರದು.

ಕಷ್ಟ ಬರುವುದು ಹೂವಿನಲ್ಲೇ ಇರುವ ವಸ್ತುವನ್ನು ಹೊರಗಿಂದ ಹಾಕಿದಾಗ. ಬೆಂಜೈಲ್ ಬೆಂಜೋಯೇಟ್, ಲಿನಲೂಲ್ ಹಾಗೆ. ಪ್ರಮಾಣಗಳು ಒಂದಕ್ಕೊಂದು ಹೊಂದುತ್ತವೆಯಾ ನೋಡಬೇಕು. ಬೆಂಜೈಲ್ ಅಸಿಟೇಟ್ ಏರಿದೆ, ಹೂವಿನ ಬೇರೆ ಸಹಜ ವಸ್ತುಗಳಾದ ಸಿಸ್-ಜಾಸ್ಮೋನ್, ಫೈಟಾಲ್ ಇಳಿದಿವೆ ಅಂದರೆ ಅನುಮಾನ ಪಡಿ. ಲಿನಲೂಲ್‌ಗೆ ಎಡಗೈ ಬಲಗೈ ಥರ ಎರಡು ರೂಪ ಇವೆ. ಹೂವಿನಲ್ಲಿ ಒಂದೇ ಮೇಲುಗೈ, ಸಾಮಾನ್ಯ ಸಿಂಥೆಟಿಕ್‌ನಲ್ಲಿ ಎರಡೂ ಅರ್ಧರ್ಧ. ಆ ಎರಡು ರೂಪವನ್ನು ಬೇರ್ಪಡಿಸುವ ಕೈರಲ್ ಕಾಲಮ್ ಅನ್ನು ಜಿಸಿಗೆ ಹಾಕಿದರೆ ಸಿಕ್ಕಿಬೀಳುತ್ತದೆ. ಪೆಟ್ರೋಲಿಯಂನಿಂದ ಮಾಡಿದ್ದರಲ್ಲಿ ಕಾರ್ಬನ್-14 ಉಳಿದಿರುವುದಿಲ್ಲ, ಅದನ್ನೂ ಅಳೆಯಬಹುದು. ಅವೆಲ್ಲ ದುಬಾರಿ ಪರೀಕ್ಷೆ. ಸಾಮಾನ್ಯ ಪರೀಕ್ಷೆಗೆ ಉತ್ತರ ಪ್ರದೇಶದ ಕನೌಜ್‌ನ ಎಫ್‌ಎಫ್‌ಡಿಸಿಯನ್ನು (ಸುಗಂಧ ಮತ್ತು ರುಚಿ ಅಭಿವೃದ್ಧಿ ಕೇಂದ್ರ) ಕೇಳಿ ನೋಡಿ.

ಹುಳಿ ಹಿಡಿದ ಹೂವಿನ ವಾಸನೆ ಮಾತ್ರ ಜಿಸಿಯಲ್ಲಿ ಎಷ್ಟೋ ಸಲ ಕಾಣಿಸುವುದೇ ಇಲ್ಲ. ಮೂಗಿಗೆ ಒಂದು ಉಸಿರಲ್ಲಿ ಗೊತ್ತಾಗುತ್ತದೆ. ಇನ್ನು, ಮಾರುವವರು ಕೊಡುವ ರಿಪೋರ್ಟ್‌ನಲ್ಲಿ ಬ್ಯಾಚ್ ನಂಬರ್ ನಿಮ್ಮ ಬಾಟಲಿಯದ್ದೇನಾ? ಯಾವುದೋ ಹಳೇ ಬ್ಯಾಚಿನ ಚೆಂದದ ರಿಪೋರ್ಟನ್ನು ಎಲ್ಲರಿಗೂ ಕಳಿಸುವ ಅಭ್ಯಾಸ ಇದೆ.

ಪ್ರಶ್ನೆ (ಉಡುಪಿ ಕಡೆಯ ಸದಸ್ಯೆ):
ನಮ್ಮ ಶಂಕರಪುರ ಮಲ್ಲಿಗೆಯ ಅಬ್ಸೊಲ್ಯೂಟ್ ಯಾಕೆ ಸಿಗುವುದಿಲ್ಲ? ಆನ್‌ಲೈನ್‌ನಲ್ಲಿ ‘100% ಮಲ್ಲಿಗೆ ಎಸೆನ್ಷಿಯಲ್ ಆಯಿಲ್’ ಅಂತ ಇದೆ, ಅದನ್ನು ತೆಗೆದುಕೊಳ್ಳಬಹುದಾ?

ಉತ್ತರ:
ಶಂಕರಪುರದ್ದು ದುಂಡು ಮಲ್ಲಿಗೆಯ ಜಾತಿಯೇ. ಆದರೆ ಅಲ್ಲಿ ಹೂವು ಅಟ್ಟೆ (ಕಟ್ಟಿದ ಹೂವಿನ ಅಳತೆ) ಲೆಕ್ಕದಲ್ಲಿ ಮುಡಿಗೆ, ದೇವರಿಗೆ, ಮದುವೆಗೆ ಹೋಗುತ್ತದೆ. ಸೀಸನ್‌ನಲ್ಲಿ ಅಟ್ಟೆಗೆ ಸಾವಿರ ದಾಟುವ ಹೂವನ್ನು ಟನ್‌ಗಟ್ಟಲೆ ಹೆಕ್ಸೇನ್‌ಗೆ ಹಾಕಲು ಯಾರಿಗೂ ಕಟ್ಟುವುದಿಲ್ಲ. ಮಧುರೈ, ದಿಂಡಿಗಲ್ ಕಡೆ ದರ ಬಿದ್ದ ದಿನ ಫ್ಯಾಕ್ಟರಿಗಳು ಕೊಳ್ಳುತ್ತವೆ, ಅಲ್ಲಿ ಹೂವೂ ಅಷ್ಟು ಬರುತ್ತದೆ.

ಎಸೆನ್ಷಿಯಲ್ ಆಯಿಲ್ (ಆವಿಯಲ್ಲಿ ಬಟ್ಟಿ ಇಳಿಸಿದ ಎಣ್ಣೆ) ಅಂತ ಬರೆದ ಮಲ್ಲಿಗೆಯನ್ನು ನಾನು ಕೊಳ್ಳುವುದಿಲ್ಲ. ಮಲ್ಲಿಗೆ ಆವಿಗೆ ತಡೆಯುವುದಿಲ್ಲ, ಸಿಗುವ ಎಣ್ಣೆಯೂ ತೀರಾ ಕಡಿಮೆ. ವ್ಯಾಪಾರಕ್ಕೆ ಸಾಮಾನ್ಯವಾಗಿ ಹಾಗೆ ತೆಗೆಯುವುದಿಲ್ಲ. ಲೇಬಲ್‌ನಲ್ಲಿ ಸಸ್ಯದ ಹೆಸರು, ತೆಗೆದ ವಿಧಾನ, ದೇಶ, ಬ್ಯಾಚ್ ಇರಬೇಕು.

ಮೊದಲ ಸದಸ್ಯೆ, ಎರಡು ದಿನದ ನಂತರ:
ಮೇಡಂ, ನೀವು ಹೇಳಿದಂತೆ ತೂಗಿ, ಪಟ್ಟಿ ಇಟ್ಟೆ. 650ರದ್ದು ಮಧ್ಯಾಹ್ನದ ಹೊತ್ತಿಗೆ ಹೋಯಿತು, ಸೋಪಿನಂಥ ವಾಸನೆ ಮಾತ್ರ ಉಳಿಯಿತು. ಕಂದು ಬಣ್ಣದ್ದು ಮರುದಿನವೂ ಇದೆ. ನುಸಿಗುಳಿಗೆ ಹೋಗಿ ಜೇನು, ಚಹಾ ಬಂತು. ಆದರೆ ಕೊನೆಗೆ ಹಳಸಿದ ಎಣ್ಣೆಯ ವಾಸನೆಯೂ ಇದೆ. ಇದನ್ನು ಕೊಳ್ಳಲಾ?

ಉತ್ತರ:
ಬೇಡ. ಅದು ಬಹುಶಃ ಅಸಲಿ, ಆದರೆ ಹಳೆಯದು. ಇಂಡೋಲ್ ಇರುವ ಅಬ್ಸೊಲ್ಯೂಟ್ ವಯಸ್ಸಾದಂತೆ ಕಪ್ಪಾಗುವುದು ಸಹಜ, ಬರೀ ಬಣ್ಣ ನೋಡಿ ಅದನ್ನು ಕೆಟ್ಟದ್ದು ಅನ್ನುವುದಿಲ್ಲ. ಹಳಸಿದ ವಾಸನೆ ಬೇರೆ. ಒಳಗಿನ ಜಿಡ್ಡಿಗೆ ಗಾಳಿ ತಾಗಿದೆ. ಪರ್ಫ್ಯೂಮ್‌ಗೆ ಹಾಕಿದರೆ ಕೊನೆಯಲ್ಲಿ ಅದೇ ಎದ್ದು ಬರುತ್ತದೆ.

ಅದೇ ಮಾರಾಟಗಾರರಿಗೆ ಫೋನ್ ಮಾಡಿ. ಈ ಬ್ಯಾಚ್ ಯಾವ ವರ್ಷದ್ದು, ಹೊಸ ಬ್ಯಾಚ್ ಇದೆಯಾ, ಅದರದೇ ಜಿಸಿ ರಿಪೋರ್ಟ್ ಮತ್ತು ಇಫ್ರಾ (ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಘ) ಸರ್ಟಿಫಿಕೇಟ್ ಕೊಡುತ್ತಾರಾ ಕೇಳಿ. ಜಾಜಿಗೂ ದುಂಡು ಮಲ್ಲಿಗೆಗೂ ಮೈಗೆ ಹಚ್ಚುವ ಪರ್ಫ್ಯೂಮ್‌ನಲ್ಲಿ ಇಫ್ರಾ ಬೇರೆ ಬೇರೆ ಮಿತಿ ಇಟ್ಟಿದೆ, ಮಾರಾಟ ಮಾಡುವುದಾದರೆ ನಿಮಗೆ ಅದು ಬೇಕು. ಹೊಸ ಬ್ಯಾಚಿನ ಒಂದು ಗ್ರಾಂ ತರಿಸಿ, ಈಗಿರುವ ಕಂದು ಸ್ಯಾಂಪಲ್ ಪಕ್ಕದಲ್ಲೇ ಪಟ್ಟಿ ಇಡಿ. ಜೇನು, ಚಹಾ ಹಾಗೇ ಇದ್ದು ಹಳಸು ಇಲ್ಲದಿದ್ದರೆ ಐದು ಗ್ರಾಂ ಕೊಳ್ಳಿ. ಅದಕ್ಕಿಂತ ಜಾಸ್ತಿ ಬೇಡ. ಬಂದ ದಿನವೇ ಸಣ್ಣ ಕಂದು ಬಾಟಲಿಗಳಿಗೆ ಬಾಯಿವರೆಗೆ ತುಂಬಿ, ತಾರೀಖು ಬರೆದು ಫ್ರಿಜ್‌ಗೆ ಹಾಕಿ. ಒಂದು ಬಾಟಲಿ ಮಾತ್ರ ಬಳಕೆಗೆ ಇರಲಿ.