ತಮ್ಮನ ಕುಡಿತ: ಬೈಯದೆ, ಹೊಡೆಯದೆ, ಹಳೇ ನೋವು ನೋಡಿ ಬಿಡಿಸೋ ಥೆರಪಿ ನಿಜಕ್ಕೂ ಕೆಲಸ ಮಾಡುತ್ತಾ?

ಸಕಲೇಶಪುರದಕ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಹೇಳಿ.

ನನ್ನ ತಮ್ಮನಿಗೆ 34 ವರ್ಷ. ಲೇತ್ ಕೆಲಸ, ಕೈಯಲ್ಲಿ ಒಳ್ಳೆ ಕಸುಬಿದೆ. ಮೊದಲೆಲ್ಲ ಶನಿವಾರ ಮಾತ್ರ ಕುಡಿಯುತ್ತಿದ್ದ. ಈಗ ದಿನಾ ಎರಡು ಕ್ವಾರ್ಟರ್, ಬೆಳಿಗ್ಗೆ ಎದ್ದ ತಕ್ಷಣ ಕೈ ನಡುಗುತ್ತೆ ಅಂತ ಒಂದು ನೈಂಟಿ. ಹೋದ ವರ್ಷ ನಮ್ಮ ಮಾವನ ಮಾತು ಕೇಳಿ ಒಂದು ಖಾಸಗಿ ಸೆಂಟರ್‌ಗೆ ಸೇರಿಸಿದೆವು. ಸೇರಿಸಿದೆವು ಅಂದರೆ, ರಾತ್ರಿ ವ್ಯಾನ್‌ನಲ್ಲಿ ನಾಲ್ಕು ಜನ ಬಂದು ಮಲಗಿದ್ದವನನ್ನು ಎತ್ತಿಕೊಂಡು ಹೋದರು. ಮೂರು ತಿಂಗಳು ಫೋನ್‌ನಲ್ಲಿ ಮಾತಾಡೋಕೂ ಬಿಡಲಿಲ್ಲ. ಅಲ್ಲಿ ಪೈಪ್‌ನಲ್ಲಿ ಹೊಡೆಯುತ್ತಿದ್ದರಂತೆ, ಎದುರು ಮಾತಾಡಿದವರನ್ನು ಕಿಟಕಿ ಸರಳಿಗೆ ಕಟ್ಟಿ ಹಾಕುತ್ತಿದ್ದರಂತೆ. ಬಂದವನು ಸ್ವಲ್ಪ ದಿನ ತೆಪ್ಪಗಿದ್ದ, ಆಮೇಲೆ ಮೊದಲಿಗಿಂತ ಜಾಸ್ತಿ ಆಯಿತು.

ನಮ್ಮಪ್ಪನೂ ಕುಡಿಯುತ್ತಿದ್ದರು. ಸಾರಾಯಿ ಪ್ಯಾಕೆಟ್ ಕಾಲ ಅದು. ರಾತ್ರಿ ಬಂದರೆ ಮೊದಲು ಏಟು ಬೀಳುತ್ತಿದ್ದದ್ದು ತಮ್ಮನಿಗೆ, ಹೆಣ್ಣುಮಗು ಅಂತ ನನ್ನನ್ನು ಬಿಡುತ್ತಿದ್ದರು. ಅಪ್ಪ ತೀರಿಕೊಂಡು ಎಷ್ಟೋ ಕಾಲವಾಯಿತು. ಆದರೂ ರಾತ್ರಿ ಗೇಟಿನ ಚಿಲಕ ಸದ್ದಾದರೆ ಇವನು ಊಟ ಮಾಡುತ್ತಿದ್ದವನು ಕೈಯಲ್ಲಿ ತುತ್ತು ಹಿಡಿದುಕೊಂಡೇ ಎದ್ದು ನಿಲ್ಲುತ್ತಾನೆ. ಅವನಿಗೇ ಅದು ಗೊತ್ತಾಗಲ್ಲ.

ಮೊನ್ನೆ ಆಸ್ಪತ್ರೆಯಲ್ಲಿ ಒಬ್ಬ ಕೌನ್ಸೆಲರ್ ಹೇಳಿದರು, ಕುಡಿತ ಒಂದನ್ನೇ ನೋಡಬೇಡಿ, ಅದರ ಹಿಂದೆ ಏನಿದೆ ಅದಕ್ಕೂ ಚಿಕಿತ್ಸೆ ಆಗಬೇಕು, ಹಳೇ ಆಘಾತವನ್ನೂ ಗಮನದಲ್ಲಿಟ್ಟು ಕೊಡೋ ಇಂಥ ಚಿಕಿತ್ಸೆಗೆ ಟ್ರಾಮಾ ಇನ್ಫಾರ್ಮ್ಡ್ ಅಂತಾರೆ ಅಂತ. ಅಮ್ಮನಿಗೆ ಇದು ಹಿಡಿಸಲಿಲ್ಲ. "ಎಲ್ಲರೂ ಏಟು ತಿಂದೇ ಬೆಳೆದಿದ್ದು, ಇನ್ನು ಅವನಿಗೆ ಕುಡಿಯೋಕೆ ಒಂದು ನೆಪ ಸಿಕ್ಕಿತು" ಅಂತಾರೆ. ಅಮ್ಮ ಈಗ ಯಾರೋ ಹೇಳಿದರು ಅಂತ ಮೆಡಿಕಲ್ ಶಾಪ್‌ನಿಂದ ಮಾತ್ರೆ ತಂದು ಅವನಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಪುಡಿ ಮಾಡಿ ಹಾಕುತ್ತಿದ್ದಾರೆ.

ಈ ಥೆರಪಿಯಲ್ಲಿ ನಿಜಕ್ಕೂ ಏನು ಮಾಡುತ್ತಾರೆ? ಸುಮ್ನೆ ಹಳೇದೆಲ್ಲ ಕೆದಕಿ ಅಳಿಸಿ ಕಳಿಸುತ್ತಾರಾ? ನಮ್ಮಂಥವರಿಗೆ ಕೈಗೆಟುಕುತ್ತಾ?

ಬೋರ್‌ವೆಲ್ ಬಸಣ್ಣ

ಅಕ್ಕಾ, ಬೇರೆ ಮಾತು ಆಮೇಲೆ. ಸಾರಿಗೆ ಮಾತ್ರೆ ಹಾಕೋದು ಇವತ್ತೇ ನಿಲ್ಲಿಸಿ. ನಮ್ಮ ಸಂಬಂಧಿಕರ ಮನೆಯಲ್ಲಿ ಹೀಗೇ ಮಾಡಿದ್ದರು. ಅವನು ಬಾರ್‌ನಲ್ಲಿ ಕುಡಿದು ಅಲ್ಲೇ ಮುಖ ಕೆಂಪಾಗಿ, ವಾಂತಿ ಮಾಡಿಕೊಂಡು ಬಿದ್ದ. ಬಿಪಿ ಇಳಿದು ಐಸಿಯುಗೆ ಹೋಗಿ ಬದುಕಿದ್ದೇ ಹೆಚ್ಚು.

ಇನ್ನು ಥೆರಪಿ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ, ನಿಜ ಹೇಳುತ್ತೇನೆ. ನಮ್ಮ ಕಡೆ ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ನಡೆಯುತ್ತೆ. ಎಂಟು ದಿನ ಅಲ್ಲೇ ಇರಬೇಕು, ಯೋಗ, ಭಜನೆ, ಮಾತು, ಮನೆಯವರನ್ನೂ ಕರೆಸುತ್ತಾರೆ. ಹೊಡೆತ ಬಡಿತ ನಾನಂತೂ ನೋಡಿಲ್ಲ. ಬಿಟ್ಟವರೆಲ್ಲ ಆಮೇಲೆ ನವಜೀವನ ಸಮಿತಿ ಅಂತ ಸೇರುತ್ತಾ ಇರುತ್ತಾರೆ. ನಮ್ಮೂರಲ್ಲಿ ಅದರಿಂದ ಬಿಟ್ಟವರು ಇದ್ದಾರೆ, ಮತ್ತೆ ಹಿಡಿದವರೂ ಇದ್ದಾರೆ.

ಓಪಿಡಿ ಚೀಟಿ

ನಾನು ವ್ಯಸನ ವಿಭಾಗದಲ್ಲಿ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಆಗಿ ಕೆಲಸ ಮಾಡುತ್ತೇನೆ. ಬಸಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಅದು ಡೈಸಲ್ಫಿರಾಮ್ ಇರಬೇಕು, ಮೈಯಲ್ಲಿದ್ದಾಗ ಕುಡಿದರೆ ಹೀಗೆ ಮೈ ಕೆಡಿಸೋ ಮಾತ್ರೆ. ಗೊತ್ತಿದ್ದು, ಒಪ್ಪಿ, ಡಾಕ್ಟರ್ ಹೇಳಿದ ಹಾಗೆ ತೆಗೆದುಕೊಂಡರೆ ಅದು ಒಳ್ಳೆ ಔಷಧಿಯೇ. ಕದ್ದು ಕೊಟ್ಟರೆ ಪ್ರಾಣಕ್ಕೆ ಕುತ್ತು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದು ಮೈಯಲ್ಲಿ ಕೆಲಸ ಮಾಡಬಹುದು. ಹಾಗಾಗಿ ತಮ್ಮನಿಗೆ ವಿಷಯ ಹೇಳಲೇಬೇಕು, ಕಷ್ಟ ಆದರೂ. ಜೊತೆಗೆ ಇದನ್ನೂ ಯೋಚಿಸಿ: ಚಿಕ್ಕಂದಿನಲ್ಲಿ ಮನೆಯಲ್ಲೇ ಏಟು ತಿಂದವನು, ಸೆಂಟರ್‌ನವರು ಮಲಗಿದ್ದಾಗ ಎತ್ತಿಕೊಂಡು ಹೋದರು, ಈಗ ಊಟವನ್ನೂ ನಂಬೋ ಹಾಗಿಲ್ಲ ಅಂತಾದರೆ ಅವನು ಯಾರನ್ನು ನಂಬಿ ಚಿಕಿತ್ಸೆಗೆ ಬರಬೇಕು?

ಎರಡನೆಯದು, ಬೆಳಿಗ್ಗೆ ಕೈ ನಡುಗುತ್ತೆ ಅಂದಿರಲ್ಲ, ಅಂಥವರು ಒಮ್ಮೆಲೇ ಮನೆಯಲ್ಲೇ ನಿಲ್ಲಿಸಬಾರದು. ಕೊನೇ ಪೆಗ್ ಆದ 6ರಿಂದ 48 ಗಂಟೆ ಒಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣೋದು, ಹಗಲು ರಾತ್ರಿ ಗೊತ್ತಾಗದೆ ಹೋಗೋದು, ಇದೆಲ್ಲ ಆಗಿ ಜೀವ ಹೋದವರಿದ್ದಾರೆ. ಆಸ್ಪತ್ರೆಯಲ್ಲಿ ಮಾತ್ರೆ, ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟು ಆ ವಾರ ದಾಟಿಸುತ್ತಾರೆ. ಥೆರಪಿ ಮಾತು ಅದಾದ ಮೇಲೆ.

ಈಗ ನಿಮ್ಮ ಪ್ರಶ್ನೆ. ಕೆದಕಿ ಅಳಿಸುತ್ತಾರಾ ಅಂದರೆ, ಚೆನ್ನಾಗಿ ಕಲಿತವರು ಹಾಗೆ ಮಾಡಲ್ಲ. ಮೊದಲ ಸಿಟ್ಟಿಂಗ್‌ನಲ್ಲೇ "ಅಪ್ಪ ಏನು ಮಾಡಿದರು ಹೇಳು" ಅಂತ ಕೂತರೆ ಆ ಥೆರಪಿಸ್ಟ್‌ನ ಬಿಟ್ಟು ಬನ್ನಿ. ಗಾಯ ತೆರೆದು, ತಡೆದುಕೊಳ್ಳೋ ದಾರಿ ಕಲಿಸದೆ ಮನೆಗೆ ಕಳಿಸಿದರೆ ಅವನು ಸೀದಾ ಹೋಗೋದು ಬಾರ್‌ಗೆ. ಅಮೆರಿಕದ ಲೀಸಾ ನಜಾವಿಟ್ಸ್ 1990ರ ದಶಕದಲ್ಲಿ ರೂಪಿಸಿದ ಸೀಕಿಂಗ್ ಸೇಫ್ಟಿ ಅನ್ನೋ ಪದ್ಧತಿ ಇದೆ, 25 ವಿಷಯ. ಅದರಲ್ಲಿ ಹಳೇ ಕಥೆ ಬಿಚ್ಚಿ ಹೇಳಲೇಬೇಕು ಅಂತ ಎಲ್ಲೂ ಇಲ್ಲ. ಇವತ್ತು ರಾತ್ರಿ ಕುಡಿಯದೆ ಹೇಗೆ ಕಳೆಯೋದು, ಮೈ ಬೆಚ್ಚಿದಾಗ ಏನು ಮಾಡೋದು, ಯಾರಿಗೆ ಫೋನ್ ಮಾಡೋದು, ಕೆಲಸ ಅಲ್ಲಿಂದ ಶುರು. ನಾವು ಕಲಿಸೋ ಒಂದು ಸಣ್ಣ ವಿಷಯ ಹೇಳುತ್ತೇನೆ: ಎದೆ ಹೊಡೆದುಕೊಳ್ಳೋಕೆ ಶುರುವಾದಾಗ ಎರಡೂ ಪಾದ ನೆಲಕ್ಕೆ ಒತ್ತಿ, ಕಣ್ಣಿಗೆ ಕಾಣೋ ಐದು ವಸ್ತುಗಳ ಹೆಸರು ಜೋರಾಗಿ ಹೇಳೋದು. ಫ್ಯಾನ್, ಕ್ಯಾಲೆಂಡರ್, ಚೊಂಬು, ಹೀಗೆ. ಮಕ್ಕಳಾಟ ಅನಿಸುತ್ತೆ. ಆದರೆ ಈಗ ಅಪ್ಪ ಇಲ್ಲ, ನಾನು ನಮ್ಮ ಮನೆಯಲ್ಲಿದ್ದೇನೆ ಅಂತ ಮೈಗೆ ತಿಳಿಸೋಕೆ ಅದು ಬೇಕು.

ನಾವು ಕೇಳೋ ಪ್ರಶ್ನೆಯೂ ಬೇರೆ. "ಯಾಕಪ್ಪ ಕುಡಿದೆ?" ಅಂತ ಕೇಳಿದರೆ ತಲೆ ತಗ್ಗಿಸುತ್ತಾನೆ ಇಲ್ಲ ಸುಳ್ಳು ಹೇಳುತ್ತಾನೆ. "ಕುಡಿದಾಗ ನಿಮಗೆ ಏನು ಸಿಗುತ್ತೆ?" ಅಂದರೆ ಸ್ವಲ್ಪ ಹೊತ್ತು ಬಿಟ್ಟು ನಿಜ ಬರುತ್ತೆ. ನಿದ್ದೆ, ಧೈರ್ಯ, ಸುಮ್ನೆ ಒಂದು ಗಂಟೆ ತಲೆ ಖಾಲಿ. ಅದು ಗೊತ್ತಾದರೆ ಅದನ್ನು ಬೇರೆ ದಾರಿಯಲ್ಲಿ ಕೊಡೋಕೆ ಪ್ರಯತ್ನಿಸಬಹುದು.

ನೆಪ ಅನ್ನೋ ಅಮ್ಮನ ಮಾತಿಗೆ: 1998ರಲ್ಲಿ ಫೆಲಿಟ್ಟಿ, ಆಂಡಾ ಅನ್ನೋ ವೈದ್ಯರು ಸ್ಯಾನ್ ಡಿಯಾಗೊದಲ್ಲಿ ಸಾವಿರಾರು ಜನರ ಬಾಲ್ಯದ ಬಗ್ಗೆ ಕೇಳಿ ಒಂದು ಅಧ್ಯಯನ ಪ್ರಕಟಿಸಿದರು. ಹೊಡೆತ, ಬೈಗುಳ, ಮನೆಯಲ್ಲಿ ಕುಡುಕರು, ತಾಯಿಗೆ ಏಟು, ಇಂಥವು ನಾಲ್ಕು ಅಥವಾ ಜಾಸ್ತಿ ಅನುಭವಿಸಿದವರಿಗೆ ಕುಡಿತದ ಚಟ, ಡ್ರಗ್ಸ್, ಖಿನ್ನತೆ, ಆತ್ಮಹತ್ಯೆ ಯತ್ನದ ಅಪಾಯ 4ರಿಂದ 12 ಪಟ್ಟು ಹೆಚ್ಚಿತ್ತು. ಹಾಗಂತ ಎಲ್ಲ ಕುಡಿತಕ್ಕೂ ಬಾಲ್ಯವೇ ಕಾರಣ ಅನ್ನೋದನ್ನು ನಾನು ಒಪ್ಪಲ್ಲ. ಈಗ ಎಲ್ಲದಕ್ಕೂ ಟ್ರಾಮಾ ಅನ್ನೋದು ಒಂದು ಫ್ಯಾಷನ್ ಆಗಿದೆ. ಅವಳಿಗಳ ಅಧ್ಯಯನಗಳು ಹೇಳೋ ಪ್ರಕಾರ ಸುಮಾರು ಅರ್ಧ ಪಾಲು ರಕ್ತದಲ್ಲೇ ಬರುತ್ತೆ. ನಿಮ್ಮ ತಮ್ಮನಿಗೆ ಅಪ್ಪನಿಂದ ಏಟೂ ಬಂದಿದೆ, ವಂಶದ ಪಾಲೂ ಬಂದಿದೆ. ಅದಕ್ಕೇ ಮಾತಿನ ಜೊತೆ ಔಷಧಿಯೂ ಬೇಕು. ಚಪಲ ಕಡಿಮೆ ಮಾಡೋ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಇವೆ, ಲಿವರ್ ನೋಡಿ ಡಾಕ್ಟರ್ ಆರಿಸುತ್ತಾರೆ.

ಮೆತ್ತಗೆ ಮಾತಾಡಿದರೆ ಕೆಲಸ ಆಗುತ್ತಾ ಅನ್ನೋರಿಗೆ ಪಕ್ಕದ ಗೋವಾ ನೋಡಿ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಡಾಕ್ಟರ್ ಅಲ್ಲದ, ತರಬೇತಿ ಪಡೆದ ಸ್ಥಳೀಯರು ಕೆಲವೇ ಸಿಟ್ಟಿಂಗ್ ಮಾತಾಡಿದರು. ಅದು ಟ್ರಾಮಾ ಥೆರಪಿ ಅಲ್ಲ, ಆದರೆ ಬೈಗುಳ, ಉಪದೇಶ ಇರಲಿಲ್ಲ. 377 ಗಂಡಸರ ಆ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಮೂರು ತಿಂಗಳಿಗೆ ಅಪಾಯದ ಮಟ್ಟದ ಕುಡಿತದಿಂದ ಹೊರಬಂದವರು ಈ ಗುಂಪಿನಲ್ಲಿ 36%, ಮಾಮೂಲಿ ಚಿಕಿತ್ಸೆಯಲ್ಲಿ 26%. ಪವಾಡ ಏನಲ್ಲ. ಪೈಪ್ ಏಟಿಗಂತೂ ಇಷ್ಟು ಲೆಕ್ಕವೂ ಇಲ್ಲ.

ಪೀಣ್ಯ ಸೆಕೆಂಡ್ ಸ್ಟೇಜ್

ನಾನೂ ಫ್ಯಾಕ್ಟರಿ ಮನುಷ್ಯ. ಕುಡಿತ ಬಿಟ್ಟು ಕೆಲವು ವರ್ಷ ಆಯಿತು. ಮಧ್ಯೆ ಜಾರಿದ್ದೂ ಇದೆ. ಆಗ ನಡೆದ ಒಂದು ವಿಷಯ ಹೇಳುತ್ತೇನೆ, ನಿಮಗೆ ಅಂದಾಜು ಸಿಗುತ್ತೆ.

ಮತ್ತೆ ಕುಡಿದೆ ಅಂತ ಹೇಳಿದಾಗ ನನ್ನ ಕೌನ್ಸೆಲರ್ ಮೇಡಂ ಬೈಯಲಿಲ್ಲ. ಒಂದು ಹಾಳೆ ತೆಗೆದು ಉದ್ದ ಗೆರೆ ಎಳೆದರು, ಆ ದಿನ ಬೆಳಿಗ್ಗೆಯಿಂದ ಹೇಳಿ ಅಂದರು. ತಿಂಡಿ ತಿಂದಿರಲಿಲ್ಲ, ಸಂಬಳ ಬಂದಿರಲಿಲ್ಲ, ಇದೆಲ್ಲ ಬರೆದರು. ಮಧ್ಯಾಹ್ನ ಸೂಪರ್‌ವೈಸರ್ ಎಲ್ಲರ ಮುಂದೆ "ಏಯ್" ಅಂತ ಕೂಗಿದ್ದ. "ಆಗ ಮೈಯಲ್ಲಿ ಎಲ್ಲಿ ಏನಾಯಿತು?" ಅಂತ ಕೇಳಿದರು. ಇದೇನು ಪ್ರಶ್ನೆ ಅನಿಸಿತು. ಯೋಚನೆ ಮಾಡಿದರೆ, ಕುತ್ತಿಗೆ ಹಿಂಭಾಗ ಬಿಗಿ ಆಗಿತ್ತು. ನಮ್ಮ ಚಿಕ್ಕಪ್ಪ ಹೊಡೆಯೋ ಮೊದಲು ಅಲ್ಲೇ ಹಿಡಿಯುತ್ತಿದ್ದರು. ಬಾರ್‌ಗೆ ಹೋಗಿದ್ದು ರಾತ್ರಿ ಎಂಟಕ್ಕೆ, ಆದರೆ ಕುಡಿತ ಶುರುವಾಗಿದ್ದು ಮಧ್ಯಾಹ್ನವೇ ಅಂತ ಆ ಹಾಳೆ ನೋಡಿದಾಗ ತಿಳಿಯಿತು. ಈಗ ಕುತ್ತಿಗೆ ಬಿಗಿ ಆದರೆ ಮೆಷಿನ್ ಆಫ್ ಮಾಡಿ ಹೊರಗೆ ಹೋಗಿ ಟೀ ಕುಡಿದು ಬರುತ್ತೇನೆ.

ಇನ್ನೊಂದು, ಎಣ್ಣೆ ಬಿಟ್ಟ ಮೇಲೆ ನನಗೆ ಮೊಬೈಲ್ ರಮ್ಮಿ ಹತ್ತಿಕೊಂಡಿತ್ತು. 2025ರಲ್ಲಿ ದುಡ್ಡಿನ ಆನ್‌ಲೈನ್ ಆಟಕ್ಕೆ ಕೇಂದ್ರದವರು ನಿಷೇಧ ತಂದರಲ್ಲ, ಅದಕ್ಕಿಂತ ಹಿಂದಿನ ಮಾತು. ತಮ್ಮ ಬಾಟಲಿ ಬಿಟ್ಟ ಅಂತ ನಿರಾಳ ಆಗಬೇಡಿ, ರಾತ್ರಿ ಫೋನ್ ಹಿಡಿದು ಎಷ್ಟು ಹೊತ್ತು ಕೂರುತ್ತಾನೆ ಅಂತಲೂ ಗಮನ ಇರಲಿ. ಕುಡಿತ ಬಿಡೋರು ಸೇರೋ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಮೀಟಿಂಗ್ ಕನ್ನಡದಲ್ಲೂ ನಡೆಯುತ್ತೆ, ದುಡ್ಡು ಕೇಳಲ್ಲ.

ಕಾಫಿ ಸೋಸಿದ್ದು

ಎಲ್ಲ ಸರಿ. ಆದರೆ ನಾನು ಕುಡುಕನ ಹೆಂಡತಿ, ನನಗೆ ಇದನ್ನೆಲ್ಲ ಓದಿದರೆ ಸಿಟ್ಟು ಬರುತ್ತೆ. ಅವರ ಬಾಲ್ಯ ಕಷ್ಟದ್ದು, ಪಾಪ. ನನ್ನ ಬಾಲ್ಯವೂ ಕಷ್ಟದ್ದೇ. ನಾನು ಯಾರಿಗೂ ಹೊಡೆಯಲಿಲ್ಲ, ಚಿಟ್ ಫಂಡ್ ದುಡ್ಡು ಕದಿಯಲಿಲ್ಲ. ಅವರ ನೋವು ಕೇಳೋಕೆ ಕೌನ್ಸೆಲರ್ ಇದ್ದಾರೆ. ನನ್ನದನ್ನು ಯಾರು ಕೇಳಿದರು? "ನೀವು ಸ್ವಲ್ಪ ಅನುಸರಿಸಿಕೊಂಡು ಹೋಗಿ ಅಮ್ಮ" ಅಂದರು ಅಷ್ಟೇ.

ಓಪಿಡಿ ಚೀಟಿ

ಅನುಸರಿಸಿಕೊಂಡು ಹೋಗಿ ಅಂದವರು ತಪ್ಪು ಹೇಳಿದರು, ಸುತ್ತು ಬಳಸಿ ಮಾತಾಡಲ್ಲ. ಅವರ ಹಿಂದೆ ನೋವಿದೆ ಅಂತ ತಿಳಿಯೋದು ಬೇರೆ, ಅವರ ಕೈಲಿ ಏಟು ತಿನ್ನೋದು ಬೇರೆ. ಹೊಡೆಯುತ್ತಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ಸಾಲ ನೀವು ತೀರಿಸಬೇಡಿ, ಅವರು ರಜೆ ಹಾಕಿದ್ದಕ್ಕೆ ನೀವು ಆಫೀಸಿಗೆ ಸುಳ್ಳು ಹೇಳಬೇಡಿ. ಮನೆಯವರಿಗೇ ಅಂತ ಕ್ರಾಫ್ಟ್ ಅನ್ನೋ ತರಬೇತಿ ಇದೆ. ಕುಡಿಯದ ದಿನ ಜೊತೆಗೆ ಕೂತು ಊಟ ಮಾಡಿ ಮಾತಾಡೋದು, ಕುಡಿದು ಬಂದ ರಾತ್ರಿ ಜಗಳವೂ ಇಲ್ಲ ಉಪಚಾರವೂ ಇಲ್ಲ, ಎದ್ದು ಬೇರೆ ಕೋಣೆಗೆ ಹೋಗೋದು. ಅದರಲ್ಲಿ ಮೊದಲ ಪಾಠವೇ ನಿಮ್ಮ ಸುರಕ್ಷತೆ. ಅಲ್-ಅನಾನ್ ಅಂತ ಕುಡಿಯುವವರ ಮನೆಯವರ ಗುಂಪೂ ಇದೆ. ಚಿಕಿತ್ಸೆ ನಿಮಗೂ ಬೇಕು, ಅವರು ಬರಲಿ ಬಿಡಲಿ.

ಸಕಲೇಶಪುರದಕ್ಕ

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ಬಸಣ್ಣ ಬರೆದಿದ್ದನ್ನು ಓದಿ ಹೇಳಿದೆ, ಹೆದರಿಕೊಂಡು ಮಾತ್ರೆ ಶೀಟ್ ನನ್ನ ಕೈಗೆ ಕೊಟ್ಟರು. ತಮ್ಮನಿಗೆ ಇನ್ನೂ ಹೇಳಿಲ್ಲ, ಇವತ್ತು ಹೇಳಬೇಕು. ಆಸ್ಪತ್ರೆ ಅಂದರೆ ಮತ್ತೆ ವ್ಯಾನ್ ಬರುತ್ತೆ ಅಂದುಕೊಳ್ಳುತ್ತಾನೆ. ಏನು ಹೇಳಿ ಕರೆದುಕೊಂಡು ಹೋಗೋದು? ಎಲ್ಲಿಗೆ?

ಓಪಿಡಿ ಚೀಟಿ

ಮಾತ್ರೆ ವಿಷಯ ನಾಳೆಗೆ ಇಡಬೇಡಿ, ಸಂಜೆ ಬಾರ್ ಕಡೆ ಹೊರಡೋ ಮೊದಲೇ ಹೇಳಿ. ಅಮ್ಮನೂ ಜೊತೆಗಿದ್ದು ಹೇಳಿದರೆ ಇನ್ನೂ ಒಳ್ಳೆಯದು. ಮುಖ ಕೆಂಪಾಗೋದು, ಎದೆ ಬಡಿತ, ವಾಂತಿ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ. ಹಾಗಂತ ಮಾತ್ರೆಗೆ ಹೆದರಿ ಮನೆಯಲ್ಲೇ ಒಮ್ಮೆಲೇ ನಿಲ್ಲಿಸೋದೂ ಬೇಡ. ಈ ಎರಡು ಕಾರಣಕ್ಕೇ ಇವತ್ತೋ ನಾಳೆಯೋ ಡಾಕ್ಟರ್ ನೋಡಲೇಬೇಕು. ಹತ್ತಿರದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ.

"ಸೆಂಟರ್‌ಗೆ ಕಳಿಸಲ್ಲ, ಕಟ್ಟಿ ಹಾಕಲ್ಲ, ನೀನು ಒಪ್ಪದೆ ಯಾರೂ ಮುಟ್ಟಲ್ಲ, ನಾನು ಜೊತೆಗಿರುತ್ತೇನೆ" ಅಂತ ಹೇಳಿ, ಹೇಳಿದ ಹಾಗೆ ನಡೆದುಕೊಳ್ಳಿ. ಮಾವನನ್ನು ಕರೆದುಕೊಂಡು ಹೋಗಬೇಡಿ.

ಆಮೇಲೆ ಮತ್ತೆ ಮತ್ತೆ ತೋರಿಸಿಕೊಳ್ಳೋಕೆ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ, ಯಾವ ಮಂಗಳವಾರ ಅಂತ ಮೊದಲೇ ಕೇಳಿಕೊಳ್ಳಿ. ದೊಡ್ಡ ಜಾಗ ಅಂದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರ ಇದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್. ಹೊರಡೋ ಮೊದಲು ಮಾತಾಡಬೇಕು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಖಾಸಗಿಯಲ್ಲಿ ಥೆರಪಿ ಮಾಡಿಸಿದರೆ ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ಅಂತ ಕೇಳಿ, ಕೇಳೋಕೆ ಸಂಕೋಚ ಬೇಡ.

ಆ ಸೆಂಟರ್ ವಿಷಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಗೆ ಕುಡಿತದಿಂದ ಬರುವ ಮಾನಸಿಕ ತೊಂದರೆಗಳೂ ಸೇರುತ್ತವೆ. ಇಂಥವರನ್ನು ಇಟ್ಟುಕೊಳ್ಳೋ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು. ಸರಪಳಿ ಹಾಕೋದಕ್ಕೂ, ಕ್ರೂರವಾಗಿ ನಡೆಸಿಕೊಳ್ಳೋದಕ್ಕೂ ಕಾನೂನು ಒಪ್ಪಲ್ಲ. ದೂರು ಕೊಡೋಕೆ ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿ ಇದೆ. ಆದರೆ ದೂರು ಕೊಡಬೇಕಾ ಬೇಡವಾ ಅನ್ನೋದು ತಮ್ಮನ ತೀರ್ಮಾನ ಆಗಿರಲಿ.

ಹೋಗುವಾಗ ಆ ಮಾತ್ರೆ ಶೀಟ್, ಸೆಂಟರ್‌ನವರು ಏನಾದರೂ ಚೀಟಿ ಕೊಟ್ಟಿದ್ದರೆ ಅದು, ಆಧಾರ್, ಬಿಪಿಎಲ್ ಕಾರ್ಡ್ ಇಟ್ಟುಕೊಳ್ಳಿ. ಓಪಿಡಿ ಬೆಳಿಗ್ಗೆ ಬೇಗ ತುಂಬುತ್ತೆ, ತಿಂಡಿ ತಿನ್ನಿಸಿಕೊಂಡೇ ಹೊರಡಿ.