ಜೂನ್ ಧಗಿಯಾಗ ಕೂಲರ್ ಹಚ್ಚಿದ್ರೂ ಮೈ ಯಾಕ ತಂಪಾಗವಲ್ದು?

ಕಲಬುರಗಿ ಮಿಸ್ತ್ರಿ:
ಮೇ ತಿಂಗಳ 42 ಡಿಗ್ರಿ ಬಿಸಿಲಾಗ ಸೈಟ್ ಕೆಲಸ ಹ್ಯಾಂಗರ ನಡೀತದ. ಜೂನ್‌ನಾಗ 36ಕ್ಕ ಇಳದ್ರೂ ಹುಡುಗ್ರು ತಲಿ ತಿರುಗಿ ಕೂಡ್ತಾರ. ರಾತ್ರಿ ಪತ್ರಾ ಶೆಡ್ಡಿನಾಗ ಬಾಗಲಾ ಮುಚ್ಚಿ ಕೂಲರ್ ಹಚ್ಚಿದ್ರೂ ಮೈಯೆಲ್ಲಾ ಅಂಟಂಟು, ನಿದ್ದಿಲ್ಲ. ಏನ್ ಮಾಡಬೇಕ್ರಿ?

ಬೀದರ್ ಎಂಜಿನಿಯರ್:
ಥರ್ಮಾಮೀಟರಿನ ಅಂಕಿ ಒಂದನ್ನೇ ನಂಬಬೇಡಿ ಸರ್. ಬೆವರು ಆರಿದರೆ ಮಾತ್ರ ಮೈ ತಣಿಯುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಅದು ಆರದೆ ಸುಮ್ಮನೆ ಸೋರಿ, ನೀರು ಉಪ್ಪು ಎರಡೂ ನಷ್ಟ. ಇದನ್ನು ತೋರಿಸೋದು ವೆಟ್ ಬಲ್ಬ್ ತಾಪಮಾನ, ಅಂದರೆ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಅಂಕಿ. 42 ಡಿಗ್ರಿ, ತೇವಾಂಶ ಶೇ 20 ಇದ್ದಾಗ ಅದು 24ರ ಹತ್ತಿರ. 36 ಡಿಗ್ರಿ, ಶೇ 60 ಆದರೆ 29 ದಾಟುತ್ತದೆ. ಮನುಷ್ಯ ತಾಳಬಲ್ಲ ವೆಟ್ ಬಲ್ಬ್ ಮಿತಿ 35 ಅಂತ 2010ರಲ್ಲಿ ಲೆಕ್ಕ ಹಾಕಿದ್ದರು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಆರೋಗ್ಯವಂತ ಯುವಕರೇ, ಅದೂ ಹಗುರ ಕೆಲಸ ಮಾಡುವಾಗ, 31ರ ಆಸುಪಾಸಿನಲ್ಲಿ ಸೋತರು. ಸಿಮೆಂಟ್ ಬುಟ್ಟಿ ಹೊರುವವರ ಮಿತಿ ಇನ್ನೂ ಕೆಳಗೆ. ವಾತಾವರಣ ಒಂದು ಡಿಗ್ರಿ ಬಿಸಿಯಾದರೆ ಗಾಳಿ ಸುಮಾರು ಶೇ 7ರಷ್ಟು ಹೆಚ್ಚು ಆವಿ ಹಿಡಿಯಬಲ್ಲದು, ಹಾಗಾಗಿ ಈ ಧಗೆ ಹೆಚ್ಚುತ್ತಲೇ ಹೋಗುತ್ತದೆ. ಏಪ್ರಿಲ್-ಮೇನಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೇ ಶುರುವಾಗಿ 1.30ಕ್ಕೆ ಮುಗಿಯುತ್ತವೆ. ಅಂಥ ವೇಳೆ ಕೂಲಿಯವರಿಗೆ ಜೂನಿನಲ್ಲೂ ಬೇಕು.

ಕೂಲರ್ ಗಾಳಿಯನ್ನು ವೆಟ್ ಬಲ್ಬಿಗಿಂತ ಕೆಳಗೆ ಇಳಿಸಲಾರದು. ಒಳ್ಳೆ ಪ್ಯಾಡ್ ಇದ್ದರೆ ಮೇನಲ್ಲಿ 42ರ ಗಾಳಿ 28ಕ್ಕೆ ಬರುತ್ತದೆ. ಜೂನಿನಲ್ಲಿ 36ರದ್ದು 31ಕ್ಕೇ ನಿಲ್ಲುತ್ತದೆ, ಅದೂ ನೀರು ತುಂಬಿಕೊಂಡು. ಬಾಗಿಲು ಮುಚ್ಚಿದರೆ ಅದೇ ಹಸಿ ಗಾಳಿ ಮತ್ತೆ ಪ್ಯಾಡಿಗೆ ಹೋಗಿ, ನಿಮ್ಮ ಹುಡುಗರ ಬೆವರು ಆರಲು ಜಾಗವೇ ಉಳಿಯೋದಿಲ್ಲ. ಕೂಲರಿನ ಬೆನ್ನು ಕಿಟಕಿಯ ಹೊರಗಿರಲಿ, ಎದುರು ಗೋಡೆಯ ಕಿಟಕಿ ತೆರೆದಿರಲಿ. ತೇವಾಂಶ ಶೇ 60 ದಾಟಿದರೆ ಪಂಪ್ ಬಂದ್ ಮಾಡಿ ಬರೀ ಫ್ಯಾನ್ ಓಡಿಸಿ. ಪತ್ರಾಕ್ಕೆ ಸುಣ್ಣ ಬಳಿಯಿರಿ.

ಕಲಬುರಗಿ ಮಿಸ್ತ್ರಿ:
ವೆಟ್ ಬಲ್ಬ್ ಸೈಟಿನಾಗ ಅಳೀಲಿಕ್ಕಿ ಬರ್ತದೇನ್ರಿ?

ಬೀದರ್ ಎಂಜಿನಿಯರ್:
ಬರುತ್ತದೆ. ಒಂದೇ ತರಹದ ಎರಡು ಗಾಜಿನ ಥರ್ಮಾಮೀಟರ್ ತನ್ನಿ (ಜ್ವರದ್ದಲ್ಲ, ಗೋಡೆಗೆ ಹಾಕುವಂಥದ್ದು). ಮೊದಲು ಎರಡೂ ಒಂದೇ ಅಂಕಿ ತೋರಿಸುತ್ತವೆಯೇ ನೋಡಿ. ಒಂದರ ಬುಡಕ್ಕೆ ತೊಳೆದ ಮಲ್ಮಲ್ ಬಟ್ಟೆ ಸುತ್ತಿ, ಅದರ ತುದಿ ನೀರಿನಲ್ಲಿರಲಿ. ನೆರಳಲ್ಲಿಟ್ಟು ಐದು ನಿಮಿಷ ಫ್ಯಾನ್ ಬೀಸಿ, ಇಳಿದು ನಿಂತ ಅಂಕಿಯೇ ವೆಟ್ ಬಲ್ಬ್. ಬಟ್ಟೆ ಒಣಗಿದರೆ ಅಥವಾ ಸವಳು ಕಟ್ಟಿದರೆ ಅಂಕಿ ತಪ್ಪುತ್ತದೆ. 28 ಆದಮೇಲೆ ಭಾರ ಹೊರುವ ಕೆಲಸ ನಿಲ್ಲಿಸೋದು ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ. ಬಿಸಿಲಿದ್ದರೆ ಅದಕ್ಕೂ ಮೊದಲೇ.

ಯಾದಗಿರಿ ನರ್ಸ್:
ಶಹಾಪುರ, ಸುರಪುರ ಕಡೆ ಭತ್ತದ ನಾಟಿ ಮಾಡುವವರೂ ಇದನ್ನು ಓದಲಿ, ನಿಂತ ನೀರಿನ ಗದ್ದೆಯಲ್ಲಿ ಧಗೆ ಇನ್ನೂ ಜಾಸ್ತಿ.

ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು, ಗಂಟೆಗೆ ಒಂದೂವರೆ ಲೀಟರ್ ಮೀರಬಾರದು. ಮೀರಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ಲೀಟರಿನ ಓಆರ್‌ಎಸ್ ಪಾಕೀಟನ್ನು ಪೂರ್ತಿ ಒಂದು ಲೀಟರಿಗೇ ಕಲಸಿ. ಹೊಸ ಆಳಿಗೆ ಮೊದಲ ದಿನ ಐದರಲ್ಲಿ ಒಂದು ಪಾಲು ಕೆಲಸ ಸಾಕು, ದಿನಕ್ಕಷ್ಟು ಏರಿಸುತ್ತ ಹೋಗಿ.

ಮಾತು ತೊದಲಿದರೆ, ಗುರುತು ಹಿಡಿಯದಿದ್ದರೆ ಅದು ಹೀಟ್ ಸ್ಟ್ರೋಕ್ ಅಂತಲೇ ತಿಳಿದು 108ಕ್ಕೆ ಫೋನ್ ಮಾಡಿ. ಬೆವರು ಸುರಿಯುತ್ತಿದೆ ಅಂತ ಸುಮ್ಮನಿರಬೇಡಿ, ಬೆವರಿದ್ದರೂ ಆಗುತ್ತದೆ. ಗಾಡಿ ಬರುವವರೆಗೆ ಕಾಯಬೇಡಿ. ಅಂಗಿ ಬಿಚ್ಚಿ, ಕ್ಯೂರಿಂಗ್‌ಗೆ (ಸಿಮೆಂಟಿಗೆ ನೀರುಣಿಸಲು) ಇಟ್ಟ ತೊಟ್ಟಿಯ ನೀರು ತಣ್ಣಗಿದ್ದರೆ ಕುತ್ತಿಗೆವರೆಗೆ ಕೂರಿಸಿ, ಅವರ ತಲೆ ಮುಳುಗದಂತೆ ಹಿಡಿದುಕೊಳ್ಳಿ. ತೊಟ್ಟಿ ಇಲ್ಲದಿದ್ದರೆ ಕೊಡಗಟ್ಟಲೆ ಸುರಿಯುತ್ತಲೇ ಇರಿ. ಧಗೆಯಲ್ಲಿ ಒದ್ದೆ ಬಟ್ಟೆ ಹೊದಿಸಿದರೆ ಅದೂ ಆರದೆ ಬಿಸಿಯಾಗುತ್ತದೆ. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡೋದಿಲ್ಲ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.