ಅಪ್‌ಡೇಟ್: ಜೆನೆಸಿಸ್‌ನ ‘ಲ್ಯಾಂಬ್’ ಕೊನೆಗೂ ಪೂರ್ತಿ ಕೇಳಿದೆ

ಎರಡು ವಾರದ ಹಿಂದೆ ಕೇಳಿದ್ದೆನಲ್ಲ, ಇಂಗ್ಲೆಂಡಿನ ರಾಕ್ ಬ್ಯಾಂಡ್ ಜೆನೆಸಿಸ್‌ನ 1974ರ ‘ದ ಲ್ಯಾಂಬ್ ಲೈಸ್ ಡೌನ್ ಆನ್ ಬ್ರಾಡ್‌ವೇ’ ನಿಜಕ್ಕೂ ದೊಡ್ಡ ಆಲ್ಬಮ್ಮಾ ಅಥವಾ ಸುಮ್ನೆ ಉದ್ದದ್ದಾ ಅಂತ. ಬಿಡಿಬಿಡಿಯಾಗಿ ಕೇಳಬೇಡಿ, ಕವರ್‌ನಲ್ಲಿ ಬ್ಯಾಂಡಿನ ಗಾಯಕ ಪೀಟರ್ ಗೇಬ್ರಿಯಲ್ ಬರೆದಿರುವ ಕಥೆ ಓದಿಕೊಂಡು ಒಂದೇ ಸಲ ಕೂತು ಕೇಳಿ ಅಂದಿದ್ದಿರಿ. ಹಾಗೇ ಮಾಡಿದೆ. ಒಂದೂವರೆ ಗಂಟೆ, ಎರಡು ಡಿಸ್ಕ್, 23 ಟ್ರ್ಯಾಕ್. ಮಧ್ಯೆ ಒಂದು ಸಲ ಕಾಫಿಗೆ ಎದ್ದಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕಥೆ ಅರ್ಥವಾಯ್ತಾ? ಅರ್ಧ. ನ್ಯೂಯಾರ್ಕಿನ ಪೋರ್ಟೊ ರಿಕನ್ ಹುಡುಗ ರೇಲ್ ನೆಲದಡಿಯ ವಿಚಿತ್ರ ಲೋಕ ಸೇರುತ್ತಾನೆ, ಒಡಹುಟ್ಟಿದ ಜಾನ್ ಮತ್ತೆ ಮತ್ತೆ ಕೈಕೊಡುತ್ತಾನೆ, ಕೊನೆಗೆ ನೀರಲ್ಲಿ ಕೊಚ್ಚಿಹೋಗುತ್ತಿದ್ದ ಅವನನ್ನೇ ಎಳೆದು ನೋಡಿದರೆ ಮುಖ ರೇಲ್‌ನದೇ! ಈ ಜಾಗದಲ್ಲಿ ಮೈ ಜುಮ್ಮೆಂದಿತು.

ಮೊದಲ ಡಿಸ್ಕ್ ಬಗ್ಗೆ ನನ್ನ ತಕರಾರು ವಾಪಸ್. ‘ಇನ್ ದ ಕೇಜ್’ನಲ್ಲಿ ಟೋನಿ ಬ್ಯಾಂಕ್ಸ್ ಕೀಬೋರ್ಡ್ ಉಸಿರು ಬಿಡೋಕೂ ಕೊಡಲ್ಲ. ‘ಕಾರ್ಪೆಟ್ ಕ್ರಾಲರ್ಸ್’ ಅಂತೂ ದಿನಾ ಕೇಳುತ್ತಿದ್ದೇನೆ. ಆದರೆ ಎರಡನೇ ಡಿಸ್ಕ್ ಎಳೆಯುತ್ತದೆ, ಇಲ್ಲಿ ನಾನು ನಿಮ್ಮ ಜೊತೆ ಒಪ್ಪಲ್ಲ. ಸಾಹಿತ್ಯ ಹೆಚ್ಚಾಗಿ ಗೇಬ್ರಿಯಲ್ ಒಬ್ಬರದ್ದು, ಸಂಗೀತ ಹೆಚ್ಚಾಗಿ ಉಳಿದವರದ್ದು. ಆ ಹೊಲಿಗೆ ಅಲ್ಲಿ ಎದ್ದು ಕಾಣುತ್ತದೆ. 1975ರಲ್ಲಿ ಈ ಆಲ್ಬಮ್‌ನ ಟೂರ್ ಮುಗಿಸಿ ಗೇಬ್ರಿಯಲ್ ಬ್ಯಾಂಡ್ ಬಿಟ್ಟಿದ್ದು ಆಮೇಲೆ ಆಶ್ಚರ್ಯ ಅನ್ನಿಸಲಿಲ್ಲ.

ಹತ್ತಕ್ಕೆ ಎಂಟು. ಮೊದಲು ಐದು ಕೊಟ್ಟಿದ್ದೆ, ಬೈದವರಿಗೆ ಥ್ಯಾಂಕ್ಸ್.